ಒಂದು ಗೆದ್ದು ಹತ್ತು ಸೋತ ವರ್ಷ

(ಕಾನ್ಸಾಸ್ ಸಿಟಿಯ ಆಸುಪಾಸಿನಲ್ಲಿರುವ ನಾವು ಕೆಲವು ಕನ್ನಡದವರು ತಿಂಗಳಿಗೊಮ್ಮೆ ಸೇರುತ್ತೇವೆ. ಪ್ರತಿ ಸಲ ಒಬ್ಬರು ತಮಗೆ ಗೊತ್ತಿರುವ ಒಂದು ವಿಷಯದ ಬಗ್ಗೆ ಮಾತಾಡಬೇಕು. ಈ ಸಲ ನನ್ನ ಸರದಿ ಇತ್ತು. ಆಡಿದ ಮಾತನ್ನು ಬರೆದುಕೊಡಿ ಅಂದರು, ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಫುಟ್‌ಬಾಲ್ ಬಗ್ಗೆ ಮಾತಾಡುತ್ತೇನೆ. ನಾವು ಊರಲ್ಲಿ ಆಡುತ್ತಿದ್ದ ಫುಟ್‌ಬಾಲ್ ಅಲ್ಲ, ಇಲ್ಲಿನದು. ಕಾಲಿಗೆ ಕೆಲಸ ಕಡಿಮೆ, ಕೈಗೆ ಜಾಸ್ತಿ. ಚೆಂಡು ಸುಲಿದ ತೆಂಗಿನಕಾಯಿ ಥರ ಇರುತ್ತದೆ. ನಿಯಮ ಹೇಳುತ್ತಾ ಕೂತರೆ ಊಟ ಆರಿಹೋಗುತ್ತದೆ, ಇಷ್ಟು ಗೊತ್ತಿದ್ದರೆ ಸಾಕು: ನಾಲ್ಕು ಯತ್ನದಲ್ಲಿ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು. ಒಯ್ದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಆಗದಿದ್ದರೆ ಚೆಂಡು ಎದುರಿನವರ ಪಾಲು. ಕಾಲೇಜು ತಂಡಕ್ಕೆ ವರ್ಷಕ್ಕೆ ಇರುವುದೇ ಹನ್ನೊಂದು, ಹನ್ನೆರಡು ಪಂದ್ಯ. ಹೆಚ್ಚುಕಡಿಮೆ ಎಲ್ಲವೂ ಶನಿವಾರ. ಹಾಗಾಗಿ ಒಂದು ಸೋಲು ಅಂದರೆ ಇಡೀ ಊರಿಗೆ ಒಂದು ವಾರ ಊಟ ಸೇರುವುದಿಲ್ಲ.

ನನ್ನ ಪ್ರಶ್ನೆ ಚಿಕ್ಕದು. ವರ್ಷಗಟ್ಟಲೆ ಸೋಲುತ್ತಲೇ ಇರುವ ಒಂದು ಕಾಲೇಜು ತಂಡವನ್ನು ಎತ್ತಿ ನಿಲ್ಲಿಸುವುದು ಹೇಗೆ? ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಇಲ್ಲಿಂದ ಪಶ್ಚಿಮಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಮ್ಯಾನ್‌ಹಟನ್ ಸಿಗುತ್ತದೆ. ನ್ಯೂಯಾರ್ಕಿನದಲ್ಲ, ನಮ್ಮ ಕಾನ್ಸಾಸಿನದು. ಅದು ‘ಬಿಗ್ ಆಪಲ್’ ಆದರೆ ನಮ್ಮದು ‘ಲಿಟಲ್ ಆಪಲ್’ ಎಂದು ಊರಿನವರೇ ಹೆಸರಿಟ್ಟುಕೊಂಡಿದ್ದಾರೆ. ಸುತ್ತ ಗೋಧಿ ಹೊಲ, ಹುಲ್ಲುಗುಡ್ಡ, ದನ. ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಸ್ಟೇಡಿಯಮ್ಮಿನಲ್ಲೂ ಐವತ್ತು ಸಾವಿರ ಸೀಟು. ಮನೆಗೆಲ್ಲ ಬೀಗ ಹಾಕಿಕೊಂಡು ಬಂದರೆ ಊರಿಗೆ ಊರೇ ಕೂರಬಹುದು.

ಅಲ್ಲಿರುವುದು ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿ. 1863ರಲ್ಲಿ ಶುರುವಾದದ್ದು, ಮೂಲತಃ ಕೃಷಿ ಕಾಲೇಜು. ನಮಗೂ ಅದಕ್ಕೂ ಒಂದು ದೂರದ ನಂಟಿದೆ. ಸ್ವಾತಂತ್ರ್ಯ ಬಂದ ಮೇಲೆ ಭಾರತದ ಕೃಷಿ ವಿಶ್ವವಿದ್ಯಾಲಯಗಳನ್ನು ಕಟ್ಟುವಾಗ ಅಮೆರಿಕದ ಒಂದೊಂದು ಯೂನಿವರ್ಸಿಟಿ ಒಂದೊಂದು ರಾಜ್ಯಕ್ಕೆ ಕೈಜೋಡಿಸಿತ್ತು. ನಮ್ಮ ಹೆಬ್ಬಾಳಕ್ಕೆ ಟೆನೆಸಿಯವರು ಬಂದರು, ಪಕ್ಕದ ಹೈದರಾಬಾದಿಗೆ ಈ ಕಾನ್ಸಾಸ್ ಸ್ಟೇಟಿನವರು ಹೋದರು. ನಾನು 1997ರಲ್ಲಿ ದಾವಣಗೆರೆಯಿಂದ ಇಲ್ಲಿಗೆ ಓದಲು ಬಂದಾಗ ಇದೇನೂ ಗೊತ್ತಿರಲಿಲ್ಲ. ಫೀಸು ಕಡಿಮೆ, ಅಸಿಸ್ಟೆಂಟ್‌ಶಿಪ್ ಸಿಕ್ಕಿತು, ಬಂದೆ.

ಈಗ ತಂಡದ ವಿಷಯ. 1988ರ ಕೊನೆಗೆ ಇವರ ಇಡೀ ಚರಿತ್ರೆಯ ಲೆಕ್ಕ ತೆಗೆದರೆ 299 ಗೆಲುವು, 510 ಸೋಲು, 41 ಡ್ರಾ. ದೇಶದ ಮೇಲ್ದರ್ಜೆಯ ತಂಡಗಳಲ್ಲಿ ಐನೂರು ಸೋಲು ಕಂಡ ಮೊದಲ ತಂಡ ಇದೇ. 1987ರಲ್ಲಿ ಒಂದೂ ಗೆಲ್ಲಲಿಲ್ಲ, ಒಂದು ಡ್ರಾ ಆಯಿತು. ಆ ಡ್ರಾ ಕೂಡ ಪಕ್ಕದೂರಿನ ಇನ್ನೊಂದು ಸೋತು ಸುಣ್ಣವಾದ ತಂಡದ ಜೊತೆ. 1988ರಲ್ಲಿ ಹನ್ನೊಂದಕ್ಕೆ ಹನ್ನೊಂದೂ ಸೋಲು. ಸೀಸನ್ ಮುಗಿದ ಮೇಲೆ ಒಳ್ಳೆಯ ತಂಡಗಳನ್ನು ‘ಬೌಲ್’ ಎಂಬ ವಿಶೇಷ ಪಂದ್ಯಕ್ಕೆ ಕರೆಯುತ್ತಾರೆ. ಅಲ್ಲಿಯವರೆಗೆ ಇವರು ಅಂಥ ಪಂದ್ಯಕ್ಕೆ ಹೋಗಿದ್ದು ಒಂದೇ ಸಲ, 1982ರಲ್ಲಿ. ಅದರಲ್ಲೂ ಸೋತರು. ದೇಶದ ದೊಡ್ಡ ಕ್ರೀಡಾ ಪತ್ರಿಕೆಯೊಂದು ಇವರ ಮೇಲೆ ಉದ್ದದ ಲೇಖನ ಬರೆದು, ‘ಕೈಲಾಗದವರ ಯೂನಿವರ್ಸಿಟಿ’ ಅನ್ನುವ ಧಾಟಿಯ ಹೆಸರು ಇಟ್ಟಿತು.

ಒಬ್ಬ ಕಾಲೇಜು ಪ್ರೆಸಿಡೆಂಟ್ ಈ ಸ್ಥಿತಿಯಲ್ಲಿ ಏನು ಮಾಡಬಹುದು? ಫುಟ್‌ಬಾಲ್ ಮುಚ್ಚಿ ಆ ದುಡ್ಡನ್ನು ಲೈಬ್ರರಿಗೆ ಹಾಕಬಹುದು. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆನೋ ಏನೋ. ಆದರೆ 1986ರಲ್ಲಿ ಬಂದಿದ್ದ ಪ್ರೆಸಿಡೆಂಟ್ ಜಾನ್ ವೆಫಾಲ್ಡ್ ಲೆಕ್ಕ ಬೇರೆ ಹಾಕಿದರು. ತಂಡ ಹೀಗೇ ಸೋಲುತ್ತಿದ್ದರೆ ತಾವು ಆಡುತ್ತಿದ್ದ ‘ಬಿಗ್ ಎಯ್ಟ್’ ಎಂಬ ಕೂಟದಲ್ಲಿ ಜಾಗ ಉಳಿಯುವುದು ಕಷ್ಟ. ಜಾಗ ಹೋದರೆ ಟೀವಿ ದುಡ್ಡು ಹೋಗುತ್ತದೆ, ಹೆಸರು ಹೋಗುತ್ತದೆ, ವಿದ್ಯಾರ್ಥಿಗಳೂ ಬೇರೆ ಕಡೆ ಹೋಗುತ್ತಾರೆ. ಇಲ್ಲಿ ಶನಿವಾರದ ಪಂದ್ಯ ಅಂದರೆ ಊರ ಜಾತ್ರೆ ಇದ್ದ ಹಾಗೆ. ತೇರು ನಿಂತರೆ ಅಂಗಡಿಯೂ ಮುಚ್ಚುತ್ತದೆ, ಅಲ್ವಾ?

ಹಾಗಾಗಿ ಕ್ರೀಡಾ ವಿಭಾಗದ ಮುಖ್ಯಸ್ಥ ಸ್ಟೀವ್ ಮಿಲ್ಲರ್ ಕೋಚ್ ಹುಡುಕಲು ಹೊರಟರು. ಅಯೋವಾ ಯೂನಿವರ್ಸಿಟಿಯಲ್ಲಿ ಹೇಡನ್ ಫ್ರೈ ಎಂಬ ಹೆಸರುವಾಸಿ ಕೋಚ್ ಕೈಕೆಳಗೆ ಕೆಲಸ ಮಾಡುತ್ತಿದ್ದ ಬಿಲ್ ಸ್ನೈಡರ್ ಸಿಕ್ಕರು. ವಯಸ್ಸು 49. ದೊಡ್ಡ ಕಾಲೇಜಿನ ಮುಖ್ಯ ಕೋಚ್ ಆಗಿ ಒಂದು ದಿನವೂ ಕೆಲಸ ಮಾಡಿರಲಿಲ್ಲ. ಮಾತು ಕಡಿಮೆ, ದನಿ ಮೆಲ್ಲಗೆ. ಮೊದಲ ದಿನ ಪತ್ರಕರ್ತರ ಮುಂದೆ ಅವರು ಹೇಳಿದ ಮಾತು ಈಗಲೂ ಮ್ಯಾನ್‌ಹಟನ್ನಿನಲ್ಲಿ ಮಕ್ಕಳಿಗೂ ಬಾಯಿಪಾಠ: ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ತಿರುವಿಗೆ ಅವಕಾಶ ಇರುವುದು ಇಲ್ಲಿಯೇ, ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಇಷ್ಟು ಹೇಳಿ ಅವರು ಮೊದಲ ವರ್ಷ, ಅಂದರೆ 1989ರಲ್ಲಿ, ಒಂದು ಗೆದ್ದು ಹತ್ತು ಸೋತರು.

ನಗಬೇಡಿ. ನನ್ನ ಇವತ್ತಿನ ಮಾತೆಲ್ಲ ಇರುವುದು ಆ ವರ್ಷದ ಮೇಲೆಯೇ. ಆ ಒಂದು ಗೆಲುವು ಸೆಪ್ಟೆಂಬರ್ 30ರಂದು ಬಂತು, ನಾರ್ತ್ ಟೆಕ್ಸಾಸ್ ಮೇಲೆ. ಅಷ್ಟರಲ್ಲಿ ಗೆಲುವು ಕಂಡು ಮೂರು ವರ್ಷ ಆಗಿತ್ತು. ಕೊನೇ ಗಳಿಗೆಯಲ್ಲಿ 14–17ರಲ್ಲಿ ಹಿಂದಿದ್ದರು. ಗಡಿಯಾರದಲ್ಲಿ ಉಳಿದದ್ದು ಒಂದೇ ಯತ್ನಕ್ಕಾಗುವಷ್ಟು ಹೊತ್ತು. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವನು, ಕಾರ್ಲ್ ಸ್ಟ್ರಾ ಎಸೆದ, ಫ್ರಾಂಕ್ ಹರ್ನಾಂಡಿಸ್ ಹಿಡಿದ, ಗಡಿಯಾರ ಸೊನ್ನೆ. 20–17. ಜನ ಮೈದಾನಕ್ಕೆ ನುಗ್ಗಿದರು. ದೇಶದ ಮಿಕ್ಕವರಿಗೆ ಅದು ನಗೆಯ ಸುದ್ದಿ, ನಾರ್ತ್ ಟೆಕ್ಸಾಸನ್ನು ಸೋಲಿಸಿ ಹಬ್ಬ ಮಾಡುತ್ತಾರಂತೆ ಅಂತ. ಆಮೇಲೆ ಮತ್ತೆ ಒಂದೂ ಗೆಲ್ಲಲಿಲ್ಲ.

ನನಗೆ ವರ್ಷಗಳಿಂದ ಕಾಡುವ ಪ್ರಶ್ನೆ ಇದು. ಹತ್ತು ಸೋತ ತಂಡಗಳು ಪ್ರತಿ ವರ್ಷ ಇರುತ್ತವೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಆದರೆ ಕೆಲವು ಸೋಲು ಮೇಲಕ್ಕೆ ಹೋಗುವ ಸೋಲು, ಕೆಲವು ಕೆಳಕ್ಕೆ ಹೋಗುವ ಸೋಲು. ಇದು ಯಾವುದು ಅಂತ ಆ ವರ್ಷವೇ ಗೊತ್ತು ಮಾಡಿಕೊಳ್ಳುವುದು ಹೇಗೆ? ಏಳು ವರ್ಷ ಆದ ಮೇಲೆ ಹೇಳುವುದು ಯಾರಿಗೂ ಸುಲಭ.

ಮೊದಲು ಸ್ನೈಡರ್ ಏನು ಮಾಡಿದರು ನೋಡೋಣ. ಅವರು ಬಂದಾಗ ಸ್ಕಾಲರ್‌ಶಿಪ್ಪಿನ ಹುಡುಗರು ಇರಬೇಕಾದ ಸಂಖ್ಯೆಯ ಅರ್ಧದಷ್ಟು ಮಾತ್ರ ಇದ್ದರು. ಹೈಸ್ಕೂಲಿನ ಒಳ್ಳೊಳ್ಳೆ ಹುಡುಗರು ನೆಬ್ರಾಸ್ಕಾಗೆ, ಒಕ್ಲಹೋಮಾಗೆ ಹೋಗುತ್ತಿದ್ದರು. ಸೋಲುವ ತಂಡಕ್ಕೆ ಯಾರು ಬರುತ್ತಾರೆ? ಸ್ನೈಡರ್ ಜೂನಿಯರ್ ಕಾಲೇಜುಗಳ ಬಾಗಿಲು ತಟ್ಟಿದರು. ಎರಡು ವರ್ಷದ ಕೋರ್ಸಿನ ಕಾಲೇಜುಗಳು ಇವು. ಮಾರ್ಕ್ಸ್ ಸಾಲದವರು, ದುಡ್ಡು ಸಾಲದವರು, ಹದಿನೇಳನೇ ವಯಸ್ಸಿನಲ್ಲಿ ಯಾರ ಕಣ್ಣಿಗೂ ಬೀಳದವರು ಅಲ್ಲಿ ಆಡುತ್ತಾರೆ. ಕಾನ್ಸಾಸಿನಲ್ಲಿ ಇಂಥ ಕಾಲೇಜುಗಳು ಬೇಕಾದಷ್ಟಿವೆ, ಫುಟ್‌ಬಾಲಿಗೆ ಹೆಸರಾಗಿವೆ. ಅಲ್ಲಿಂದ ಬರುವವನು ಆಡುವುದು ಎರಡೇ ವರ್ಷ, ನಿಜ. ಆದರೆ ಬಂದ ದಿನವೇ ಅವನು ಇಪ್ಪತ್ತರ ಗಂಡಸು. ಹದಿನೆಂಟರ ಹುಡುಗನನ್ನು ಬೆಳೆಸಲು ಬೇಕಾಗುವ ಸಮಯ ಅಲ್ಲಿ ಉಳಿಯಿತು. ಇವರಲ್ಲಿ ದೊಡ್ಡ ಹೆಸರು ಟೆಕ್ಸಾಸಿನ ಬ್ಲಿನ್ ಕಾಲೇಜಿನಿಂದ ಬಂದ ಕ್ವಾರ್ಟರ್‌ಬ್ಯಾಕ್ ಮೈಕೆಲ್ ಬಿಷಪ್. 1997, 98 ಎರಡು ವರ್ಷದಲ್ಲಿ ತಂಡ 22 ಗೆದ್ದು 3 ಸೋತಿತು.

ಎರಡನೆಯ ಮೂಲ ಹಿತ್ತಲು. ಹಿತ್ತಲ ಗಿಡ ಮದ್ದಲ್ಲ ಅಂತೀವಲ್ಲ, ಸ್ನೈಡರ್ ಹಿತ್ತಲಲ್ಲೇ ಮದ್ದು ಹುಡುಕಿದರು. ಸ್ಕಾಲರ್‌ಶಿಪ್ ಇಲ್ಲದೆ, ಸ್ವಂತ ಖರ್ಚಿನಲ್ಲಿ ಓದುತ್ತಾ ತಂಡಕ್ಕೆ ಸೇರುವವರಿಗೆ ಇಲ್ಲಿ ವಾಕ್-ಆನ್ ಅನ್ನುತ್ತಾರೆ. ಹೊಲಮನೆ ಹುಡುಗರು, ಸಣ್ಣ ಊರಿನವರು. ಬೇರೆ ಕಡೆ ಅವರು ಅಭ್ಯಾಸಕ್ಕೆ ಗೊಂಬೆ ಇದ್ದ ಹಾಗೆ, ಸುಮ್ನೆ ಡಿಕ್ಕಿ ಹೊಡೆಸಿಕೊಳ್ಳಲು. ಇಲ್ಲಿ ಅವರಿಗೂ ಅದೇ ಪಾಠ, ಅದೇ ಗದರಿಕೆ. ಮ್ಯಾನ್‌ಹಟನ್ ಪಕ್ಕದ ರೈಲಿ ಎಂಬ ಹಳ್ಳಿಯಿಂದ ಜೋರ್ಡಿ ನೆಲ್ಸನ್ ಹಾಗೆ ಬಂದವನು. ಮುಂದೆ ಗ್ರೀನ್ ಬೇ ಪ್ಯಾಕರ್ಸ್ ಎಂಬ ವೃತ್ತಿಪರ ತಂಡ ಸೇರಿ, 2011ರ ಸೂಪರ್ ಬೌಲಿನಲ್ಲಿ, ಅಂದರೆ ವೃತ್ತಿಪರರ ಫೈನಲ್ಲಿನಲ್ಲಿ, ಒಂಬತ್ತು ಕ್ಯಾಚ್ ಹಿಡಿದ.

ಮೂರನೆಯದರ ಬಗ್ಗೆ ಇವತ್ತಿಗೂ ಜಗಳ ಇದೆ. ಕೂಟದ ಒಳಗಿನ ಪಂದ್ಯಗಳನ್ನು ಬದಲಿಸುವ ಹಾಗಿಲ್ಲ. ಹೊರಗಿನವರ ಜೊತೆ ಆಡುವ ಮೂರು, ನಾಲ್ಕು ಪಂದ್ಯ ಮಾತ್ರ ನಮ್ಮ ಕೈಯಲ್ಲಿರುತ್ತದೆ. ಮೊದಲೆಲ್ಲ ದೊಡ್ಡ ತಂಡದ ಊರಿಗೆ ಹೋಗಿ, ಒದೆ ತಿಂದು, ಟಿಕೆಟ್ ದುಡ್ಡಿನ ಪಾಲು ತರುವುದು ರೂಢಿ. ಸ್ನೈಡರ್ ಅದನ್ನು ನಿಲ್ಲಿಸಿದರು. ನಮ್ಮ ಊರಲ್ಲಿ, ನಮ್ಮ ಕೈಲಾಗುವವರ ಜೊತೆ ಆಡೋಣ ಅಂದರು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು. ಪತ್ರಿಕೆಯವರು ಹೀಯಾಳಿಸಿದರು. ತಂಡ ಬಲವಾದ ಮೇಲೂ ಈ ಚಾಳಿ ಬಿಡಲಿಲ್ಲ, 1998ರಲ್ಲಿ ನಾರ್ದರ್ನ್ ಇಲಿನಾಯ್ ಮೇಲೆ 73–7. ಅದನ್ನು ನೋಡುವುದು ನನಗೂ ಬೇಜಾರೇ. ಆದರೆ 1989ರ ಹುಡುಗರ ಜಾಗದಲ್ಲಿ ನಿಂತು ನೋಡಿ. ಮೂರು ವರ್ಷ ಗೆಲ್ಲದವನಿಗೆ ಗೆಲುವಿನ ರುಚಿ ಹೇಗಿರುತ್ತದೆ ಅಂತಲೇ ಮರೆತಿರುತ್ತದೆ. ಕೊನೆಯ ಐದು ನಿಮಿಷದಲ್ಲಿ ಮುಂದಿದ್ದಾಗ ಏನು ಮಾಡಬೇಕು ಅನ್ನುವುದೂ ಒಂದು ಕಲಿಕೆ. ಮುಂದೆ ಇದ್ದರೆ ತಾನೇ ಅದನ್ನು ಕಲಿಯುವುದು?

ಇದರ ಜೊತೆ ಹದಿನಾರು ಗುರಿಗಳ ಒಂದು ಪಟ್ಟಿ. ಒಪ್ಪಿಕೊಂಡ ಕೆಲಸ ಬಿಡದಿರುವುದು ಮೊದಲನೆಯದು. ಗೆಲ್ಲುತ್ತೇವೆ ಎಂದು ನಂಬುವುದು ಹದಿಮೂರನೆಯದು. ಮೊದಲ ಸಲ ಓದಿದಾಗ ನನಗೆ ಶಾಲೆಯ ಗೋಡೆ ಮೇಲಿನ ಬರಹದ ಹಾಗೆ ಕಂಡಿತು. ನನಗೆ ಹಿಡಿಸಿದ್ದು ಒಂಬತ್ತನೆಯದು: ತಪ್ಪು ಕಡಿಮೆ ಮಾಡು, ನಿನ್ನನ್ನು ನೀನೇ ಸೋಲಿಸಿಕೊಳ್ಳಬೇಡ.

ಫಲ? 1990ರಲ್ಲಿ 5 ಗೆಲುವು 6 ಸೋಲು. 1991ರಲ್ಲಿ 7–4. ಆಮೇಲೆ 1992ರಲ್ಲಿ ಮತ್ತೆ 5–6. ಈ 1992ನ್ನು ಎಲ್ಲರೂ ಮರೆಯುತ್ತಾರೆ. ನಾಲ್ಕನೇ ವರ್ಷ, ತಂಡ ಹಿಂದಕ್ಕೆ ಜಾರಿದೆ. ಇವತ್ತಾಗಿದ್ದರೆ ಡಿಸೆಂಬರಿನೊಳಗೆ ಕೋಚ್ ಮನೆ ಖಾಲಿ ಮಾಡಿರುತ್ತಿದ್ದರು. ವೆಫಾಲ್ಡ್ ಕದಲಲಿಲ್ಲ. ಮರುವರ್ಷ 9 ಗೆಲುವು, 2 ಸೋಲು, 1 ಡ್ರಾ, ಜೊತೆಗೆ ಕಾಲೇಜಿನ ಮೊದಲ ಬೌಲ್ ಗೆಲುವು, ವಯೋಮಿಂಗ್ ಮೇಲೆ 52–17. ಅಲ್ಲಿಂದ ಏಣಿ ಹತ್ತಿದ ಹಾಗೆ.

ನಾನು ಬಂದದ್ದು ಏಣಿಯ ಮೇಲ್ತುದಿಯ ಹೊತ್ತಿಗೆ. 1998ರ ನವೆಂಬರ್ 14, ನೆಬ್ರಾಸ್ಕಾ ವಿರುದ್ಧದ ಪಂದ್ಯ. ಲ್ಯಾಬಿನ ಗೆಳೆಯನೊಬ್ಬ ಟಿಕೆಟ್ ಕೊಟ್ಟ. ಸುತ್ತ ಎಲ್ಲಿ ನೋಡಿದರೂ ನೇರಳೆ ಬಣ್ಣ, ಅದು ಇವರ ಕಾಲೇಜಿನ ಬಣ್ಣ. ಪಕ್ಕದಲ್ಲಿ ಒಬ್ಬ ಅಜ್ಜ, ರೈತ ಇರಬೇಕು, ಕಿವಿಗೆ ಸಣ್ಣ ರೇಡಿಯೋದ ವೈರು ಸಿಕ್ಕಿಸಿಕೊಂಡು ಕೂತಿದ್ದರು. ಕಣ್ಣೆದುರು ನಡೆಯುವ ಆಟವನ್ನು ರೇಡಿಯೋದಲ್ಲೂ ಕೇಳುವುದು! ನನಗೆ ನಮ್ಮ ಚಿಕ್ಕಪ್ಪ ನೆನಪಾದರು. ಚಿನ್ನಸ್ವಾಮಿಗೂ ಅವರು ಟ್ರಾನ್ಸಿಸ್ಟರ್ ಹಿಡಿದೇ ಹೋಗುತ್ತಿದ್ದರು. ನನಗೆ ನಿಯಮ ಗೊತ್ತಿಲ್ಲ ಅಂತ ಅಜ್ಜನಿಗೆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಆಮೇಲೆ ರೇಡಿಯೋದವನು ಹೇಳಿದ್ದನ್ನು ನನಗೆ ಬಿಡಿಸಿ ಹೇಳತೊಡಗಿದರು. ನೆಬ್ರಾಸ್ಕಾ ಮೇಲೆ ಕಾನ್ಸಾಸ್ ಸ್ಟೇಟ್ ಕೊನೆಯ ಸಲ ಗೆದ್ದದ್ದು 1968ರಲ್ಲಿ. ಆಮೇಲೆ ಸಾಲಾಗಿ 29 ಸೋಲು. ಇದನ್ನು ಅವರು ಮೂರು ಸಲ ಹೇಳಿದರು, ಪ್ರತಿ ಸಲವೂ ಹೊಸದಾಗಿ ಹೇಳಿದ ಹಾಗೆ.

40–30. ಗೆದ್ದರು. ಹುಡುಗರೆಲ್ಲ ಬೇಲಿ ಹಾರಿದರು, ಗೋಲು ಕಂಬ ಮುರಿದರು. ಅಜ್ಜ ಕೂಗಲಿಲ್ಲ, ಕುಣಿಯಲಿಲ್ಲ. ಕಿವಿಯಿಂದ ವೈರು ತೆಗೆದು ರೇಡಿಯೋಕ್ಕೆ ಸುತ್ತಿದರು. ಕೂರಲು ತಂದಿದ್ದ ದಿಂಬು ಮಡಚಿದರು. ಆಮೇಲೆ ಹೊರಗೆ ಹೋಗುವ ದಾರಿ ಬಿಟ್ಟು, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಕೆಳಗೆ ಇಳಿದರು, ಮೈದಾನಕ್ಕೆ. ಅಲ್ಲಿ ನಾಲ್ಕು ಹೆಜ್ಜೆ ನಡೆದು, ನಿಂತು, ವಾಪಸು ಬಂದರು.

(ಮೂರು ವಾರದ ನಂತರ ಅದೇ ತಂಡ, ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯಕ್ಕೆ ಒಂದೇ ಹೆಜ್ಜೆ ಬಾಕಿ ಇರುವಾಗ, ಟೆಕ್ಸಾಸ್ ಎ ಅಂಡ್ ಎಂ ಎದುರು 36–33ರಲ್ಲಿ ಸೋತಿತು. ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಮ್ಯಾನ್‌ಹಟನ್ನಿನಲ್ಲಿ ಯಾರೂ ಮಾತಾಡುವುದಿಲ್ಲ.)

ಈಗ ಇನ್ನೊಂದು ಬದಿ. ಆವತ್ತು ಸೋತ ನೆಬ್ರಾಸ್ಕಾ ಏನಾಯಿತು? 2003ರಲ್ಲಿ ಒಂಬತ್ತು ಪಂದ್ಯ ಗೆದ್ದುಕೊಟ್ಟ ಕೋಚನ್ನು ‘ಸಾಲದು’ ಅಂತ ತೆಗೆದರು. ಅಲ್ಲಿಂದ ಜಾರುಬಂಡಿ. ಕೋಚ್ ಮೇಲೆ ಕೋಚ್. ಕೊನೆಗೆ 2017ರ ಡಿಸೆಂಬರಿನಲ್ಲಿ ಮನೆಮಗನನ್ನೇ ಕರೆತಂದರು. ಸ್ಕಾಟ್ ಫ್ರಾಸ್ಟ್, ನೆಬ್ರಾಸ್ಕಾದಲ್ಲೇ ಹುಟ್ಟಿ ಬೆಳೆದವರು, 1997ರಲ್ಲಿ ತಂಡ ದೇಶಕ್ಕೇ ಮೊದಲಾದಾಗ ಅದರ ಕ್ವಾರ್ಟರ್‌ಬ್ಯಾಕ್. ಅಷ್ಟೇ ಅಲ್ಲ, ಬರುವ ಮುಂಚೆ ಫ್ಲಾರಿಡಾದ ಯುಸಿಎಫ್ ತಂಡವನ್ನು ಎತ್ತಿ ನಿಲ್ಲಿಸಿದ್ದರು. 2015ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸೋತಿದ್ದ ತಂಡ ಅದು, 2017ರಲ್ಲಿ ಇವರ ಕೈಯಲ್ಲಿ ಹದಿಮೂರಕ್ಕೆ ಹದಿಮೂರೂ ಗೆದ್ದಿತು. ಇದಕ್ಕಿಂತ ಒಳ್ಳೆಯ ಗಂಡು ಎಲ್ಲಿ ಸಿಗುತ್ತದೆ? ಜಾತಕ ಪೂರ್ತಿ ಕೂಡಿತ್ತು.

16 ಗೆದ್ದರು, 31 ಸೋತರು. ಈ ಸಲ ಹಿತ್ತಲ ಗಿಡ ಮದ್ದಾಗಲಿಲ್ಲ.

ನನಗೆ ಆಸಕ್ತಿ ಇರುವುದು ಅವರ 2021ರ ಸೀಸನ್. 3 ಗೆಲುವು, 9 ಸೋಲು. ಆ ಒಂಬತ್ತರಲ್ಲಿ ಒಂದರಲ್ಲೂ ಅಂತರ ಎರಡಂಕಿ ಮುಟ್ಟಲಿಲ್ಲ. ‘ಸ್ವಲ್ಪದರಲ್ಲೇ ಸೋತಿದ್ದೇವೆ, ಮುಂದಿನ ವರ್ಷ ನೋಡಿ’ ಅಂತ ಬಹಳ ಜನ ಹೇಳಿದರು. ಕಾಗದದ ಮೇಲೆ ನೋಡಿದರೆ ಹತ್ತು ಸೋತ ಸ್ನೈಡರ್ ತಂಡಕ್ಕಿಂತ ಇದೇ ವಾಸಿ. ಆದರೆ ಒಂದೇ ಒಂದು ಆಟ ನೋಡೋಣ. ಮಿಷಿಗನ್ ಸ್ಟೇಟ್ ಊರಲ್ಲಿ ಪಂದ್ಯ. ನೆಬ್ರಾಸ್ಕಾ 20–13ರಲ್ಲಿ ಮುಂದಿದೆ, ನಾಲ್ಕು ನಿಮಿಷಕ್ಕೂ ಕಡಿಮೆ ಉಳಿದಿದೆ. ಚೆಂಡನ್ನು ದೂರ ಒದ್ದು, ಹಿಡಿದವನನ್ನು ಕೆಡವಿದರೆ ಸಾಕು. ಬಲಕ್ಕೆ ಒದೆಯಬೇಕು ಅಂತ ಮಾತಾಗಿತ್ತು. ಕಾಯುವವರೆಲ್ಲ ಬಲಕ್ಕೆ ಓಡಿದರು. ಒದೆಯುವವನು ಎಡಕ್ಕೆ ಒದ್ದ. ಎದುರಿನವನು ಖಾಲಿ ಬಯಲಲ್ಲಿ ಚೆಂಡು ಹಿಡಿದು, ಯಾರೂ ಮುಟ್ಟದೆ ಅರವತ್ತು ಚಿಲ್ಲರೆ ಗಜ ಓಡಿದ. ಸರಿಸಮ ಆಯಿತು, ಹೆಚ್ಚುವರಿ ಆಟದಲ್ಲಿ 23–20ಕ್ಕೆ ಸೋತರು.

ತಪ್ಪು ಯಾರಿಂದ ಆಗುವುದಿಲ್ಲ? ಆದರೆ ಚೆಂಡು ಒದೆಯುವ ವಿಭಾಗದಲ್ಲಿ ನೆಬ್ರಾಸ್ಕಾ ಆ ವರ್ಷ ಎಡವಿದ್ದು ಅದೊಂದೇ ಸಲ ಅಲ್ಲ. ಅದೇ ಗುಂಡಿಗೆ ಮತ್ತೆ ಮತ್ತೆ ಬೀಳುತ್ತಿದ್ದರು. ಕಡಿಮೆ ಅಂತರದ ಸೋಲು ನೋಡಲು ಹಿತವಾಗಿರುತ್ತದೆ, ಮೋಸ ಇರುವುದೇ ಅಲ್ಲಿ. ಬಹಳ ವರ್ಷ ನೋಡಿದ ಮೇಲೆ ನನ್ನ ಮಟ್ಟಿಗೆ ಒಂದು ಅಳತೆ ಮಾಡಿಕೊಂಡಿದ್ದೇನೆ. ಮೇಲಕ್ಕೆ ಹೋಗುವ ತಂಡ ಹೊಸ ತಪ್ಪು ಮಾಡಿ ಸೋಲುತ್ತದೆ. ಕೆಳಕ್ಕೆ ಹೋಗುವ ತಂಡ ಹಳೇ ತಪ್ಪನ್ನೇ ಮಾಡಿ ಸೋಲುತ್ತದೆ. ಅಂಕಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಫ್ರಾಸ್ಟ್ ಅವರನ್ನು 2022ರ ಸೆಪ್ಟೆಂಬರಿನಲ್ಲಿ ತೆಗೆದರು. ಕೆಲಸದಿಂದ ತೆಗೆದದ್ದಕ್ಕೆ ಕೊಡಬೇಕಾದ ಹಣ ಸುಮಾರು 15 ಮಿಲಿಯನ್ ಡಾಲರ್. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅರ್ಧ ಕೊಟ್ಟರೆ ಸಾಕಿತ್ತು, ಕರಾರಿನಲ್ಲೇ ಹಾಗಿತ್ತು. ಮೂರು ವಾರ. ಕಾಯಲಿಲ್ಲ.

‘ಇದೆಲ್ಲ ಹಳೇ ಕಥೆ ಸಾರ್, ಇಂಡಿಯಾನಾ ಬಗ್ಗೆ ಹೇಳಿ’ ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು. ಹೇಳಬೇಕಾದ್ದೇ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಅಂದರೆ ಕಾಲೇಜು ಬಿಡಬೇಕೆನ್ನುವ ಹುಡುಗರ ಪಟ್ಟಿ. 2021ರಿಂದ ಹೊಸ ಕಾಲೇಜಿಗೆ ಹೋದವನು ಒಂದು ವರ್ಷ ಬೆಂಚಿನ ಮೇಲೆ ಕೂರಬೇಕು ಅನ್ನುವ ನಿಯಮವೂ ಸಡಿಲವಾಯಿತು. ಅದೇ ವರ್ಷ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಿಕೊಳ್ಳಬಹುದು ಅಂತಾಯಿತು. ಈಗ ಕಾಲೇಜೇ ನೇರವಾಗಿ ದುಡ್ಡು ಕೊಡಬಹುದು. ಸ್ನೈಡರ್ ಹುಡುಗರಿಗಾಗಿ ಜೂನಿಯರ್ ಕಾಲೇಜು ಅಲೆದರು, ಇವತ್ತಿನವರಿಗೆ ಇಡೀ ದೇಶವೇ ಸಂತೆ.

ಈ ಗಾಳಿ ಬಂದಾಗ ಚೆನ್ನಾಗಿ ತೂರಿಕೊಂಡವರು ಕರ್ಟ್ ಸಿಗ್ನೆಟಿ. ಇವರದೂ 49ರ ಕಥೆ. ಅಲಬಾಮಾದಂಥ ದೊಡ್ಡ ಮನೆಯಲ್ಲಿ ಸಹಾಯಕ ಕೋಚ್ ಆಗಿದ್ದವರು 2011ರಲ್ಲಿ ಅದನ್ನು ಬಿಟ್ಟು, ಪೆನ್ಸಿಲ್ವೇನಿಯಾದ ಕೆಳದರ್ಜೆಯ ಸಣ್ಣ ಕಾಲೇಜಿಗೆ ಮುಖ್ಯ ಕೋಚ್ ಆಗಿ ಹೋದರು. ಅವರ ಅಪ್ಪ ಹಿಂದೆ ಕೋಚ್ ಆಗಿದ್ದ ಕಾಲೇಜು ಅದು. 2023ರ ಕೊನೆಗೆ ಇಂಡಿಯಾನಾ ಯೂನಿವರ್ಸಿಟಿ ಕರೆಯಿತು. ಆಗ ಮೇಲ್ದರ್ಜೆಯಲ್ಲಿ ಎಲ್ಲರಿಗಿಂತ ಜಾಸ್ತಿ ಸೋತ ತಂಡ ಅದು. ಅಲ್ಲಿಯವರಿಗೆ ಬ್ಯಾಸ್ಕೆಟ್‌ಬಾಲ್ ದೇವರು, ಫುಟ್‌ಬಾಲ್ ಬರೀ ಕಾಲಹರಣ. ಹುಡುಗರನ್ನು ಇಲ್ಲಿಗೆ ಬರಲು ಹೇಗೆ ಒಪ್ಪಿಸುತ್ತೀರಿ ಅಂತ ಕೇಳಿದ್ದಕ್ಕೆ, ಸಿಂಪಲ್, ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ ಅಂದರು. ಇಂಡಿಯಾನಾಕ್ಕೆ ಬರುವ ಮುಂಚೆ ಕೋಚ್ ಆಗಿದ್ದ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಿಂದ ಹದಿಮೂರು ಆಟಗಾರರನ್ನು, ಸಹಾಯಕ ಕೋಚ್‌ಗಳನ್ನು ಜೊತೆಗೇ ಕರೆದುಕೊಂಡು ಬಂದರು. 2023ರಲ್ಲಿ 3–9 ಇದ್ದ ತಂಡ 2024ರಲ್ಲಿ 11–2. ಸುಲಭದ ಪಂದ್ಯಗಳಾಡಿ ಗೆದ್ದರು ಅಂತ ಇವರಿಗೂ ಅದೇ ಬೈಗುಳ. 2025ರಲ್ಲಿ ಓಹಾಯೊ ಸ್ಟೇಟನ್ನು 13–10ರಲ್ಲಿ ಸೋಲಿಸಿ ತಮ್ಮ ಕೂಟವಾದ ‘ಬಿಗ್ ಟೆನ್’ ಕಿರೀಟ ಗೆದ್ದ ಮೇಲೆ ಬೈಯುವವರು ಸುಮ್ಮನಾದರು. ಕ್ಯಾಲಿಫೋರ್ನಿಯಾದಿಂದ ಬಂದು ಸೇರಿದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾಗೆ ಹೈಸ್‌ಮನ್ ಪ್ರಶಸ್ತಿ ಬಂತು, ಕಾಲೇಜು ಫುಟ್‌ಬಾಲಿನಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವಂಥದ್ದು. 2026ರ ಜನವರಿಯಲ್ಲಿ ಅವರೇ ದೇಶದ ಚಾಂಪಿಯನ್.

ಹಾಗಾದರೆ ಸ್ನೈಡರ್ ಐದು ವರ್ಷ ಸುಮ್ಮನೆ ಕಳೆದರಾ? ನಾನು ಹಾಗೆ ಅನ್ನುವುದಿಲ್ಲ. ಸಿಗ್ನೆಟಿ ತಂದದ್ದು ಬರೀ ಆಟಗಾರರನ್ನಲ್ಲ, ತನ್ನ ಅಭ್ಯಾಸ ಹೇಗೆ ನಡೆಯುತ್ತದೆ ಅಂತ ಆಗಲೇ ಗೊತ್ತಿದ್ದ ಹದಿಮೂರು ಜನರನ್ನು. ಹೆಪ್ಪು ಹಾಕಲು ಹಳೇ ಮೊಸರು ತಂದ ಹಾಗೆ. ಅದೇ ಪೋರ್ಟಲಿನಿಂದ, ಅವರಿಗಿಂತ ಜಾಸ್ತಿ ದುಡ್ಡು ಸುರಿದು, ಹಾಲು ಒಡೆದುಕೊಂಡವರೂ ಬೇಕಾದಷ್ಟು ಜನ ಇದ್ದಾರೆ.

ಕೊನೆಗೆ ಪ್ರಶ್ನೆಗಳು ಬಂದವು. ಒಬ್ಬ ಅಮ್ಮ ಕೇಳಿದರು: ಓದುವ ಜಾಗದಲ್ಲಿ ಇಷ್ಟೊಂದು ದುಡ್ಡು ಯಾಕೆ? ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ, ಅವರ ಸಿಟ್ಟು ನ್ಯಾಯವೇ ಅಂದೆ. ಇನ್ನೊಬ್ಬರು, ಸ್ನೈಡರ್ ಹೋದ ಮೇಲೆ ಏನಾಯಿತು ಅಂದರು. 2005ರಲ್ಲಿ ನಿವೃತ್ತರಾದರು, ಸ್ಟೇಡಿಯಮ್ಮಿಗೆ ಅವರ ಮನೆತನದ ಹೆಸರಿಟ್ಟರು. ಮುಂದಿನವರ ಕೈಯಲ್ಲಿ ತಂಡ ಮತ್ತೆ ಕುಸಿಯಿತು. 2009ರಲ್ಲಿ, 69ರ ವಯಸ್ಸಿನಲ್ಲಿ, ವಾಪಸು ಬಂದು 2012ರಲ್ಲಿ ಮತ್ತೆ ಕೂಟದ ಕಿರೀಟ ಗೆದ್ದುಕೊಟ್ಟರು. 2018ರಲ್ಲಿ ಬಿಟ್ಟಾಗ ಒಟ್ಟು 215 ಗೆಲುವು. ಅವರು ಬರುವ ಮುಂಚಿನ ಇಡೀ ಚರಿತ್ರೆಯ ಗೆಲುವು 299 ಅಂದೆನಲ್ಲ, ಪಕ್ಕದಲ್ಲಿಟ್ಟು ನೋಡಿ.

ಮೂರನೆಯವರು ಊಟದ ಹೊತ್ತಿಗೆ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಕರೆದರು. ಅವರ ಮಗ ಹೈಸ್ಕೂಲ್ ತಂಡದಲ್ಲಿದ್ದಾನೆ, ತಂಡ ಒಂದೂ ಗೆದ್ದಿಲ್ಲ. ಬೇರೆ ಸ್ಕೂಲಿಗೆ ಹಾಕಲಾ ಅಂದರು. ಪಂದ್ಯ ನೋಡಬೇಡಿ, ಮಂಗಳವಾರ ಸಂಜೆ ಅಭ್ಯಾಸ ನೋಡಿ ಬನ್ನಿ ಅಂದೆ.

ಮುಂದಿನ ಶನಿವಾರ ಫೋನ್ ಮಾಡಿದರು. ‘ಹೋಗಿದ್ದೆ ಕಣ್ರೀ. ಒಂದೇ ಆಟಾನ ಹದಿನಾಲ್ಕು ಸಲ ಆಡಿಸಿದ್ರು ಆ ಕೋಚ್. ಕತ್ತಲಾಯ್ತು, ಬಿಡಲಿಲ್ಲ. ಆದ್ರೆ ನಿನ್ನೆ 34–6ರಲ್ಲಿ ಸೋತ್ರು.’

‘ಹಳೇ ತಪ್ಪಾ, ಹೊಸಾದಾ?’ ಅಂದೆ.

ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಎರಡೂ ಇತ್ತಪ್ಪ’ ಅಂದರು.